ಪ್ರತಿಕ್ರಿಯೆ: ಜೋಳದ ರೊಟ್ಟಿಯ ಅಂಚು ಯಾಕೆ ಬಿರಿಯುತ್ತದೆ?

ಜೋಳದ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಗೋಧಿ ಹಿಟ್ಟು ಸೇರಿಸಲಾ ಅಂತ ಕೇಳಿದ್ದೀರಿ. ಬೇಡವೇ ಬೇಡ! ಮೊದಲು ಹಿಟ್ಟು ಯಾವಾಗ ಬೀಸಿಸಿದ್ದು ಅಂತ ನೋಡಿ. ಹಳೆಯದಾದರೆ ಜಿಗಿ ಹೋಗಿರುತ್ತದೆ, ಎಷ್ಟು ನಾದಿದರೂ ಅಷ್ಟೇ. ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟಿನ ಅಂಶ ಇಲ್ಲ. ಅಂಟು ಬರಬೇಕಾದ್ದು ಕುದಿಯುವ ಎಸರಿನಿಂದಲೇ, ಸುಮ್ನೆ ಬೆಚ್ಚಗಿನ ನೀರು ಸಾಲದು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು ಚಮಚದಲ್ಲಿ ಕಲಸಿ. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟನ್ನು ಬಡಿಯುವ ಮುಂಚೆ ಇನ್ನೊಮ್ಮೆ ನಾದಿದರೆ ಅಂಚು ನಿಲ್ಲುತ್ತದೆ. ಹಂಚಿಗೆ ಹಾಕಿದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ. ಲಟ್ಟಿಸಿದರೂ ತಪ್ಪಿಲ್ಲ, ಬಡಿಯುವವರು ಒಪ್ಪಲಿಕ್ಕಿಲ್ಲ ಅಷ್ಟೇ.