ಹಾಜರಿ ಪುಸ್ತಕದಲ್ಲಿರುವ ಸುಳಿವು

ಪ್ರಶ್ನೆ: ಒಂದೇ ವಾರದಲ್ಲಿ ನನ್ನ ಮಗಳ ತರಗತಿಯ ಮೂವರು ಮಕ್ಕಳಿಗೆ ಜ್ವರ ಬಂದು ಮೈಮೇಲೆ ದದ್ದು ಎದ್ದಿದೆ, ದಡಾರವಿರಬಹುದೆಂದು ವೈದ್ಯರು ಶಂಕಿಸಿದ್ದಾರೆ. ದದ್ದು ಕಂಡ ಮಕ್ಕಳನ್ನು ಮನೆಯಲ್ಲಿರಿಸಿದರೆ ಸಾಲದೇ? ಯಾರಿಗೆ ಯಾವಾಗ ಬಂತೆಂದು ಬರೆದಿಡುವುದರಿಂದ ಪ್ರಯೋಜನವಿದೆಯೇ?
– ಒಬ್ಬ ತಾಯಿ

ಉತ್ತರ: ಮನೆಯಲ್ಲಿರಿಸುವುದು ಅಗತ್ಯ, ಆದರೆ ಅದೊಂದೇ ಸಾಲದು. ದಡಾರದಲ್ಲಿ ದದ್ದು ಏಳುವುದಕ್ಕೆ ಸುಮಾರು 4 ದಿನ ಮೊದಲೇ, ಬರಿಯ ನೆಗಡಿ, ಕೆಮ್ಮು, ಕೆಂಗಣ್ಣು ಎಂದು ನಾವು ಉದಾಸೀನ ಮಾಡುವ ಹೊತ್ತಿಗೇ, ಮಗುವಿನಿಂದ ಸೋಂಕು ಹರಡತೊಡಗಿರುತ್ತದೆ. ದದ್ದು ಎದ್ದ ಮೇಲೂ 4 ದಿನ ಹರಡುತ್ತದೆ. ಮಗು ಕೋಣೆಯಿಂದ ಹೊರಟುಹೋದ ನಂತರವೂ ವೈರಾಣು 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದಾದ್ದರಿಂದ ಕೈ ತೊಳೆಯುವುದಷ್ಟರಿಂದಲೇ ಇದು ನಿಲ್ಲುವುದಿಲ್ಲ.

ಬರೆದಿಡುವುದರ ಬೆಲೆ ಇರುವುದು ಇಲ್ಲಿಯೇ. ಸೋಂಕು ತಗಲಿದ ದಿನದಿಂದ ದದ್ದು ಕಾಣಿಸಲು ಸಾಮಾನ್ಯವಾಗಿ ಎರಡು ವಾರ ಬೇಕು. ನಿಮ್ಮ ತರಗತಿಯ ಮೂವರಿಗೂ ಒಂದೇ ವಾರದಲ್ಲಿ ಬಂದಿದೆಯೆಂದರೆ, ಅವರು ಪರಸ್ಪರ ಅಂಟಿಸಿಕೊಂಡಿರುವುದಕ್ಕಿಂತ, ಅದಕ್ಕೂ ಮುಂಚೆ ಯಾರೋ ಒಬ್ಬರಿಂದ ಒಟ್ಟಿಗೆ ಪಡೆದಿರುವ ಸಂಭವವೇ ಹೆಚ್ಚು. ಆದ್ದರಿಂದ ಹಿಂದಿನ ಎರಡು ಮೂರು ವಾರಗಳ ಹಾಜರಿ ಪುಸ್ತಕವನ್ನು ತೆರೆದು, ‘ಜ್ವರ’ ಎಂದಷ್ಟೇ ಕಾರಣ ಕೊಟ್ಟು ಗೈರುಹಾಜರಾದವರು ಯಾರೆಂದು ನೋಡುವಂತೆ ಶಿಕ್ಷಕರನ್ನು ಕೇಳಿ. ದದ್ದು ಎದ್ದ ದಿನ, ಶಾಲೆಗೆ ಬಂದ ಕೊನೆಯ ದಿನ, ಹಾಕಿಸಿರುವ ಲಸಿಕೆ, ಇಷ್ಟು ವಿವರವಿದ್ದರೆ ಸಾಕು. ಈ ಪಟ್ಟಿ ಆರೋಗ್ಯ ಕಾರ್ಯಕರ್ತರ ಕೈಸೇರಬೇಕೇ ಹೊರತು ಪೋಷಕರ ಹರಟೆಗೆ ವಸ್ತುವಾಗಬಾರದು. ಹೆಸರು ಬಯಲಾದರೆ ಮುಂದಿನ ಸಲ ಯಾರೂ ಕಾಯಿಲೆಯನ್ನು ತಿಳಿಸುವುದಿಲ್ಲ.

ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ, ಶಂಕೆಯಿದ್ದಾಗಲೇ ತಿಳಿಸಿ. ಲಸಿಕೆಯಾಗದ ಮಗುವಿಗೆ ಸಂಪರ್ಕವಾದ 72 ಗಂಟೆಗಳೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪಬಹುದು ಅಥವಾ ಸೌಮ್ಯವಾಗಬಹುದು. ತಡವಾದಷ್ಟೂ ಈ ಅವಕಾಶ ಕೈಜಾರುತ್ತದೆ. 1980ರಲ್ಲಿ ನಿರ್ಮೂಲನೆಯಾಯಿತೆಂದು ಘೋಷಿತವಾದ ಸಿಡುಬು ಕೂಡ ಲಸಿಕೆಯೊಂದರಿಂದಲೇ ಹೋದದ್ದಲ್ಲ, ಪ್ರತಿಯೊಬ್ಬ ರೋಗಿಯನ್ನೂ ಹುಡುಕಿ ಸುತ್ತಲಿನವರಿಗೆ ಲಸಿಕೆ ಹಾಕಿದ್ದರಿಂದ ಹೋದದ್ದು.

ಹಾಗೆಂದು ಪಟ್ಟಿ ಲಸಿಕೆಗೆ ಬದಲಿಯಲ್ಲ. ದಡಾರ ಹಬ್ಬದಿರಬೇಕಾದರೆ ಸಮುದಾಯದ ಶೇ. 95ರಷ್ಟು ಮಂದಿಗೆ ಎರಡೂ ಡೋಸ್ ಆಗಿರಬೇಕು. ಲಸಿಕೆಯ ವಯಸ್ಸು ತಲುಪದ ಹಸುಗೂಸುಗಳಿಗೆ ಈ ಬೇಲಿಯೇ ಮುಖ್ಯ ರಕ್ಷಣೆ. ನಿಮ್ಮ ಮಗಳ ಲಸಿಕಾ ಕಾರ್ಡನ್ನು ಇಂದೇ ತೆಗೆದು ನೋಡಿ. ಅವಳಿಗೂ ಜ್ವರ ಬಂದರೆ ಆಸ್ಪತ್ರೆಗೆ ಹೊರಡುವ ಮುನ್ನ ದೂರವಾಣಿಯಲ್ಲಿ ವಿಷಯ ತಿಳಿಸಿ. ಆಗ ಅವಳನ್ನು ಇತರ ಮಕ್ಕಳ ನಡುವೆ ಕಾಯಿಸದೆ ಬೇರೆ ಕೋಣೆಯಲ್ಲಿ ನೋಡಲು ಅವರಿಗೆ ಸಾಧ್ಯವಾಗುತ್ತದೆ.