ಸಿಸ್ಟರ್ ಹತ್ರ ಕೇಳಿ: ಸನ್ಮಾನದ ದಿನ ಮನೆಯಲ್ಲಿ ಯಾರು ಇರ್ತಾರೆ?

ಜುಲೈ ಬಂತು ಅಂದರೆ ನಮ್ಮ ಕಡೆ ಎರಡು ಶುರುವಾಗುತ್ತವೆ. ಒಂದು ಬಿಡದ ಮಳೆ, ಇನ್ನೊಂದು ಕ್ಲಬ್ಬುಗಳ ಪದಗ್ರಹಣ. ರೋಟರಿಗೂ ಲಯನ್ಸಿಗೂ ಜುಲೈ 1ಕ್ಕೇ ಹೊಸ ವರ್ಷ. ವೈದ್ಯರ ದಿನವೂ ಅವತ್ತೇ. ಹಾಗಾಗಿ ಮಂಗಳೂರಿನಿಂದ ಬೈಂದೂರಿನವರೆಗೆ ಯಾವ ಹಾಲ್‌ಗೆ ಇಣುಕಿದರೂ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಈ ಸಲ ಬಂದ ಪತ್ರಗಳಲ್ಲೂ ಅದರದ್ದೇ ಸುದ್ದಿ. ಶುಗರ್, ಮಂಡಿನೋವು ಅಂತ ಬರೆದವರು ಮುಂದಿನ ತಿಂಗಳವರೆಗೆ ಸ್ವಲ್ಪ ಕಾಯಿರಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಸಿಸ್ಟರ್, ಈ ವರ್ಷ ನಾನು ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಪದಗ್ರಹಣದ ದಿನ ಊರಿನ ಸ್ವಯಂಸೇವಕರನ್ನೂ ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುವವರನ್ನೂ ಸನ್ಮಾನಿಸಬೇಕು ಅಂತಿದ್ದೇವೆ. ಹೋದ ವರ್ಷ ಎಂಟು ಮಂದಿಯನ್ನು ಕರೆದಿದ್ದೆವು. ರಕ್ತದಾನದ ಹುಡುಗರಿಬ್ಬರು, ಆಂಬುಲೆನ್ಸ್ ಡ್ರೈವರ್ ಒಬ್ಬರು ಬಂದರು. ಮನೆಯಲ್ಲಿ ಆರೈಕೆ ಮಾಡುವ ಐದು ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಅಧ್ಯಕ್ಷರಿಗೆ ತುಂಬಾ ಬೇಜಾರಾಯಿತು. ಈ ಸಲ ಏನು ಮಾಡುವುದು?
— ಕ್ಲಬ್ ಕಾರ್ಯದರ್ಶಿ, ಬ್ರಹ್ಮಾವರ

ಅಧ್ಯಕ್ಷರಿಗೆ ಬೇಜಾರಾದದ್ದು ಸರಿ. ಆದರೆ ಆ ಐವರು ಯಾಕೆ ಬರಲಿಲ್ಲ ಅಂತ ಯಾರಾದರೂ ಫೋನ್ ಮಾಡಿ ಕೇಳಿದಿರಾ?

ನನ್ನದೇ ಕಥೆ ಹೇಳುತ್ತೇನೆ. ನನ್ನ ಅತ್ತೆ ಸ್ಟ್ರೋಕ್ ಆಗಿ ಆರು ವರ್ಷ ಮಲಗಿದಲ್ಲೇ ಇದ್ದರು. ಬಲಗೈ, ಬಲಗಾಲು ಬರುತ್ತಿರಲಿಲ್ಲ. ಮಾತೂ ಹೋಗಿತ್ತು. ನಾನು ಆಗಷ್ಟೇ ರಿಟೈರ್ ಆಗಿದ್ದೆ. ಮೂವತ್ತೆರಡು ವರ್ಷ ವಾರ್ಡಿನಲ್ಲಿ ಓಡಾಡಿದವಳಿಗೆ ಒಬ್ಬರನ್ನು ನೋಡಿಕೊಳ್ಳುವುದು ಏನು ಮಹಾ ಅಂದುಕೊಂಡಿದ್ದೆ. ವಾರ್ಡಿನಲ್ಲಿ ಡ್ಯೂಟಿ ಮುಗಿದರೆ ಮನೆಗೆ ಹೋಗಬಹುದು. ಮನೆಯೇ ವಾರ್ಡ್ ಆದರೆ ಎಲ್ಲಿಗೆ ಹೋಗುವುದು?

ಒಂದು ಮೇ 12, ನರ್ಸಸ್ ಡೇ. ಒಂದು ಸಂಸ್ಥೆಯವರು ನನ್ನನ್ನು ಸನ್ಮಾನಕ್ಕೆ ಕರೆದರು. ಕಾರ್ಡಿನಲ್ಲಿ ಸಂಜೆ ಐದು ಗಂಟೆ ಅಂತಿತ್ತು. ನಾಲ್ಕೂವರೆಗೆ ಅತ್ತೆಯನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಕೂರಿಸಿ ಹೊರಟೆ. ಆರೂವರೆಗೆ ವಾಪಸ್ ಬರುವ ಲೆಕ್ಕ. ಯಾಕೆಂದರೆ ಮಲಗಿದವರನ್ನು ಎರಡು ಗಂಟೆಗೊಮ್ಮೆಯಾದರೂ ಹೊರಳಿಸಬೇಕು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ಹಾಸಿಗೆ ಹುಣ್ಣು ಆಗುವುದೇ ಹಾಗೆ.

ಮುಖ್ಯ ಅತಿಥಿ ಬಂದದ್ದು ಆರೂಕಾಲಿಗೆ. ಪ್ರಾರ್ಥನೆ ಆಯಿತು. ದೀಪ ಮೂರು ಸಲ ಹಚ್ಚಿದರು, ಮೂರು ಸಲವೂ ಆರಿತು. ಫ್ಯಾನ್ ಆಫ್ ಮಾಡಲು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಸ್ವಾಗತ, ವರದಿ, ಅತಿಥಿಗಳ ಪರಿಚಯ, ಪರಿಚಯ ಮಾಡಿದವರ ಪರಿಚಯ. ನನ್ನ ಹೆಸರು ಕರೆದಾಗ ಎಂಟೂಕಾಲು. ಮಧ್ಯೆ ಎದ್ದು ಬರಬಹುದಿತ್ತು ಅಲ್ವಾ? ಮೊದಲ ಸಾಲಿನಲ್ಲಿ ಕೂರಿಸಿದ್ದರು. ಎದ್ದರೆ ಎಷ್ಟು ಅಹಂಕಾರ ಮಾರಾಯ್ರೆ ಅಂತಾರೆ ಅಂತ ಕೂತೆ. ಅದು ನನ್ನ ತಪ್ಪು.

ಮನೆ ತಲುಪಿದಾಗ ಒಂಬತ್ತು. ಹುಡುಗಿ ಅಳುವುದೊಂದು ಬಾಕಿ. ಹೊರಳಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಬಟ್ಟೆ ಒದ್ದೆಯಾಗಿತ್ತು. ಅತ್ತೆಯ ಎಡ ಸೊಂಟದ ಮೂಳೆ ಮೇಲೆ ಒಂದು ನಾಣ್ಯದಷ್ಟು ಅಗಲಕ್ಕೆ ಕೆಂಪು. ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದಾಗ ಬೆಳ್ಳಗಾಗಬೇಕು, ಬಿಟ್ಟಾಗ ಬಣ್ಣ ಬರಬೇಕು. ಅದು ಕೆಂಪಾಗಿಯೇ ಇತ್ತು. ಹಾಗಾದರೆ ಏನರ್ಥ ಅಂತ ನರ್ಸುಗಳಿಗೆ ಗೊತ್ತು. ವಾಸಿಯಾಗಲು ಮೂರು ವಾರ ಹಿಡಿಯಿತು. ಶಾಲು ಹೆಗಲ ಮೇಲೆಯೇ ಇತ್ತು, ತೆಗೆಯಲು ನೆನಪಾದದ್ದು ಹತ್ತು ಗಂಟೆಗೆ. ಸ್ಮರಣಿಕೆಯಲ್ಲಿ ನನ್ನ ಹೆಸರಿನ ಹಿಂದೆ ಬೇರೆ ಯಾರದೋ ಇನಿಷಿಯಲ್.

ಹಾಗಾಗಿ ಕಾರ್ಯದರ್ಶಿಗಳೇ, ಸನ್ಮಾನಿತರ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ: ಆ ದಿನ ಅವರ ಮನೆಯಲ್ಲಿ ಯಾರು ಇರ್ತಾರೆ? ನಿಮ್ಮ ಸದಸ್ಯರಲ್ಲೇ ಇಬ್ಬರನ್ನು ಕಳಿಸಿ. ಮಲಗಿದವರು ಹೆಂಗಸಾದರೆ ಹೆಂಗಸರನ್ನೇ ಕಳಿಸಿ. ಸನ್ಮಾನದ ದಿನ ನೇರವಾಗಿ ಹೋದರೆ ಸಾಲದು, ಹಿಂದಿನ ದಿನ ಒಂದು ಗಂಟೆ ಹೋಗಿ ಕಲಿಯಬೇಕು. ಹೊರಳಿಸುವುದು ಹೇಗೆ, ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಸದ್ದಿಗೆ ಏನರ್ಥ. ಕುಡಿಸುವಾಗ ತಲೆ ಎತ್ತಿ ಕೂರಿಸಿಯೇ ಕುಡಿಸಬೇಕು. ಮಲಗಿದಲ್ಲೇ ಬಾಯಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗಿನಲ್ಲಿ ಪೈಪ್ ಇದ್ದರೆ, ಕಫ ತೆಗೆಯುವ ಮೆಷಿನ್ ಇದ್ದರೆ ಉತ್ಸಾಹ ತೋರಿಸಬೇಡಿ, ಕಲಿತ ನರ್ಸನ್ನೇ ಆ ಹೊತ್ತಿಗೆ ಗೊತ್ತು ಮಾಡಿ. ಅದರ ದುಡ್ಡು ಕ್ಲಬ್ ಕೊಡಲಿ, ಹಾರದ ಲೆಕ್ಕದಲ್ಲಿ ಹಾಕಿ.

ಅವರ ಸನ್ಮಾನ ಮೊದಲು ಮುಗಿಸಿ. ಅತಿಥಿ ಬಂದಿರದಿದ್ದರೆ ನಿಮ್ಮ ಅಧ್ಯಕ್ಷರೇ ಶಾಲು ಹಾಕಲಿ, ಏನೂ ಕಡಿಮೆಯಾಗುವುದಿಲ್ಲ. ಕಾರಿನಲ್ಲಿ ಕರೆದುಕೊಂಡು ಬನ್ನಿ, ಊಟ ಕಟ್ಟಿಕೊಟ್ಟು ಕಾರಿನಲ್ಲೇ ಬಿಟ್ಟು ಬನ್ನಿ.

ಮನೆಗೇ ಹೋಗಿ ಸನ್ಮಾನಿಸುವುದೂ ಒಳ್ಳೆಯದೇ. ಆದರೆ ಮೂರು ಜನಕ್ಕಿಂತ ಜಾಸ್ತಿ ಬೇಡ. ಮಲಗಿದವರ ಫೋಟೋ ಖಂಡಿತ ಬೇಡ. ಒಮ್ಮೆ ಪೇಪರಿನಲ್ಲಿ ನೋಡಿದ ಚಿತ್ರ ಇನ್ನೂ ಕಣ್ಣಲ್ಲಿದೆ: ನೈಟಿಯಲ್ಲಿ ಮಲಗಿದ ಅಜ್ಜಿ, ಸುತ್ತ ಕೋಟು ಹಾಕಿದ ಒಂಬತ್ತು ಮಂದಿ. ಆ ಅಜ್ಜಿ ಆರೋಗ್ಯದಲ್ಲಿದ್ದಾಗ ಸೀರೆಯ ನೆರಿಗೆ ಸರಿ ಮಾಡಿಕೊಳ್ಳದೆ ಅಂಗಳಕ್ಕೂ ಇಳಿದಿರಲಿಕ್ಕಿಲ್ಲ.

ಇನ್ನೊಂದು. ಸನ್ಮಾನ ಪತ್ರದಲ್ಲಿ ‘ತ್ಯಾಗಮಯಿ’, ‘ದೇವತೆ’ ಅಂತೆಲ್ಲ ಬರೆಯಬೇಡಿ. ಅತ್ತೆ ರಾತ್ರಿ ಮೂರಕ್ಕೆ ಎರಡನೇ ಸಲ ಎಬ್ಬಿಸಿದಾಗ ನಾನು ಬೈದದ್ದುಂಟು. ಬೈದು, ಬಟ್ಟೆ ಬದಲಿಸಿ, ಅಡುಗೆ ಕೋಣೆಗೆ ಹೋಗಿ ಅತ್ತದ್ದೂ ಉಂಟು. ದೇವತೆ ಅಂತ ಮೈಕಿನಲ್ಲಿ ಕೂಗಿದರೆ ಅಂಥವರಿಗೆ ಕೂತಲ್ಲೇ ನಾಚಿಕೆಯಾಗುತ್ತದೆ. ‘ಹನ್ನೆರಡು ವರ್ಷದಿಂದ ತಾಯಿಯನ್ನು ನೋಡಿಕೊಳ್ಳುತ್ತಿದ್ದಾರೆ’ ಅಂದರೆ ಸಾಕು.

ಏನು ಕೊಡಬೇಕು ಅಂತ ಅವರನ್ನೇ ಕೇಳಿ. ಏರ್‌ಬೆಡ್ಡಿನ ಮೋಟರ್ ಕೆಟ್ಟಿರಬಹುದು, ವೀಲ್‌ಚೇರಿನ ಒಂದು ಚಕ್ರ ಎಳೆಯುತ್ತಿರಬಹುದು, ಡೈಪರ್ ಖರ್ಚಿಗೆ ತಲೆ ಬಿಸಿಯಾಗಿರಬಹುದು. ಹೂವು ಬೇಕೇ ಬೇಕು ಅಂದರೆ ಶಂಕರಪುರ ಮಲ್ಲಿಗೆ ಒಂದು ಚೆಂಡು ಕೊಡಿ. ನಾಲ್ಕು ಚೆಂಡಿನ ಅಟ್ಟೆ ಮದುವೆ ಮನೆಗಿರಲಿ. ಅರ್ಧ ಮುಡಿದುಕೊಂಡು ಅರ್ಧ ಮಲಗಿದವರ ತಲೆದಿಂಬಿನ ಹತ್ತಿರ ಇಟ್ಟರೆ ಡೆಟ್ಟಾಲ್ ವಾಸನೆ ಒಂದು ರಾತ್ರಿಯ ಮಟ್ಟಿಗಾದರೂ ಹೋಗುತ್ತದೆ.

ಪ್ರಶ್ನೆ: ಈ ಕ್ಲಬ್ಬುಗಳೆಲ್ಲ ಫೋಟೋಕ್ಕೆ ಮಾತ್ರ ಅಂತ ನಮ್ಮ ಯಜಮಾನರ ವಾದ. ನೀವೇನಂತೀರಿ?
— ಗೃಹಿಣಿ, ಕಾರ್ಕಳ

ಯಜಮಾನರು ಅರ್ಧ ಸರಿ. ಇನ್ನರ್ಧಕ್ಕೆ ನಾನೇ ಸಾಕ್ಷಿ. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಾವು ಬಸ್ ಸ್ಟ್ಯಾಂಡಿನ ಬೂತಿಗೆ ಬರುವ ಮೊದಲೇ ಕ್ಲಬ್ಬಿನವರು ಬೆಂಚು ಹಾಕಿ ಕೂತಿರುತ್ತಿದ್ದರು. ಬಸ್ಸಿನಿಂದ ಇಳಿದ ಮಕ್ಕಳ ಎಡಗೈ ಕಿರುಬೆರಳು ನೋಡಿ, ಮಸಿ ಗುರುತು ಇಲ್ಲದವರನ್ನು ಹಿಡಿದು ತರುವುದು ಅವರ ಕೆಲಸ. ಫೋಟೋ ತೆಗೆಯಲು ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ರೋಟರಿ ಪೋಲಿಯೋ ಕೆಲಸಕ್ಕೆ ಇಳಿದದ್ದು 1985ರಲ್ಲಿ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಅನ್ನುವ ಪ್ರಮಾಣಪತ್ರ ಬಂತು. ಸರ್ಕಾರ, ಆಶಾ, ಅಂಗನವಾಡಿ, ಕ್ಲಬ್ಬು ಎಲ್ಲ ಕೈ ಹಾಕಿದ್ದಕ್ಕೆ ಆದದ್ದು.

ಸನ್ಮಾನವೂ ಹಾಗೆ, ಬಳಸುವವರ ಕೈಯಲ್ಲಿದೆ. ನಮ್ಮ ಹರೇಕಳ ಹಾಜಬ್ಬರನ್ನೇ ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು ತನ್ನೂರು ನ್ಯೂಪಡ್ಪುವಿಗೆ ಶಾಲೆ ತಂದರು. ಬಂದ ಬಹುಮಾನದ ದುಡ್ಡನ್ನೂ ಆ ಶಾಲೆಗೇ ಹಾಕಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೂ ಅವರ ಮಾತೆಲ್ಲ ಶಾಲೆಯದ್ದೇ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ವರ್ಷಕ್ಕೆ ಎರಡು ಮೂರು ಕಡೆ ಶಾಲು ಹಾಕ್ತಾರೆ. ‘ನಿಸ್ವಾರ್ಥ ಸ್ವಯಂಸೇವಕಿ’ ಅಂತ ಹೊಗಳ್ತಾರೆ. ಖುಷಿ ಪಡಬೇಕಾ ಬೇಡ್ವಾ ಗೊತ್ತಾಗ್ತಿಲ್ಲ.
— ಬಂಟ್ವಾಳ ತಾಲೂಕು

ಶಾಲಿಗೆ ಖುಷಿ ಪಡು ತಂಗಿ, ಆ ಪದಕ್ಕೆ ಬೇಡ. ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ಅಂದಿನಿಂದ ಕಾಗದದಲ್ಲಿ ನೀವು ಸ್ವಯಂಸೇವಕಿಯರು. ಅದಕ್ಕೇ ನಿಮಗೆ ಬರುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಗೌರವ ಜಾಸ್ತಿ, ಧನ ಕಡಿಮೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಮುಂದಿನ ಸಲ ಮೈಕ್ ಕೈಗೆ ಕೊಟ್ಟರೆ ವಂದನೆ ಹೇಳಿ, ಆಮೇಲೆ ನಿನ್ನ ತಿಂಗಳ ಲೆಕ್ಕ ಓದು. ಸಭೆಯಲ್ಲಿ ಶಾಸಕರಿದ್ದರೆ ಸ್ವಲ್ಪ ನಿಧಾನಕ್ಕೆ ಓದು.

ಪ್ರಶ್ನೆ: ರಿಟೈರ್ಡ್ ಮಾಸ್ತರು ನಾನು. ಕಪಾಟಿನಲ್ಲಿ ಇಪ್ಪತ್ತಮೂರು ಶಾಲು. ಏನು ಮಾಡಲಿ?
— ಕದ್ರಿ, ಮಂಗಳೂರು

ನನ್ನ ಹತ್ತಿರ ಒಂಬತ್ತೇ, ನೀವು ಗೆದ್ದಿರಿ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ರೋಗಿಗಳಿಗೆ ಕೊಡ್ತೇನೆ ಅಂತ ಮಾತ್ರ ಹೊರಡಬೇಡಿ. ಜರಿ ಚುಚ್ಚುತ್ತದೆ, ನೀರು ಹೀರುವುದಿಲ್ಲ. ಮಲಗಿದವರ ಅಡಿಗೆ ಹಾಸಲು ಹಳೆ ಕಾಟನ್ ಸೀರೆಗಿಂತ ಒಳ್ಳೆಯದು ಇಲ್ಲ. ಟೀಚರಮ್ಮನ ಹತ್ತಿರ ನಾಲ್ಕು ಇದ್ದರೆ ಕೇಳಿ ನೋಡಿ. ಶಾಲುಗಳನ್ನು ಹತ್ತಿರದ ಶಾಲೆಯ ನಾಟಕದ ಪೆಟ್ಟಿಗೆಗೆ ಹಾಕಿ, ಮಕ್ಕಳು ರಾಜರಾಗಲಿ.

ಪ್ರಶ್ನೆ: ನಾನಿರುವುದು ದುಬೈಯಲ್ಲಿ. ಅಮ್ಮ ಊರಲ್ಲಿ. ನಾಲ್ಕು ವರ್ಷದಿಂದ ಒಬ್ಬರೇ ಹೋಂ ನರ್ಸ್ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾರೆ. ಅವರ ಹೆಸರನ್ನು ಒಂದು ಕ್ಲಬ್ಬಿಗೆ ಕೊಟ್ಟೆ. ‘ಸಂಬಳಕ್ಕೆ ಮಾಡುವುದು ಸೇವೆಯಲ್ಲ’ ಅಂದರು. ಹೌದಾ?
— ಕುಂದಾಪುರದ ಮಗ

ಅಲ್ಲ. ರೋಟರಿಯವರ ಸೇವೆಯ ಐದು ದಾರಿಗಳಲ್ಲಿ ಒಂದರ ಹೆಸರೇ ವೃತ್ತಿ ಸೇವೆ. ಸಂಬಳ ಪಡೆದು ಮಾಡುವ ಕೆಲಸವನ್ನು ಚೆನ್ನಾಗಿ ಮಾಡುವುದೂ ಸೇವೆ ಅಂತ ಒಪ್ಪಿಕೊಂಡವರು ಅವರು. ಇದನ್ನು ಆ ಕ್ಲಬ್ಬಿಗೆ ಹೇಳಿ.

ಆದರೆ ಮಗಾ, ನಿನಗೂ ಒಂದು ಪ್ರಶ್ನೆ. ನಿನ್ನ ಪತ್ರದಲ್ಲಿ ಅವರ ಹೆಸರಿದೆ, ಊರಿದೆ, ವಾರದ ರಜೆಯ ಸುದ್ದಿಯೇ ಇಲ್ಲ. ಅವರು ಮಲಗುವುದೆಲ್ಲಿ? ಅಮ್ಮನ ಮಂಚದ ಪಕ್ಕ ಚಾಪೆ ಹಾಸಿಕೊಂಡಾ? ನಾಲ್ಕು ವರ್ಷದಲ್ಲಿ ಸಂಬಳ ಎಷ್ಟು ಸಲ ಏರಿಸಿದೆ? ಅದೆಲ್ಲ ಸರಿಯಿದ್ದರೆ ನನ್ನ ಮಾತು ಮರೆತುಬಿಡು. ಇಲ್ಲದಿದ್ದರೆ ಕ್ಲಬ್ಬಿಗೆ ಫೋನ್ ಮಾಡುವ ಮೊದಲು ಒಂದು ಮಂಚ ಆರ್ಡರ್ ಮಾಡು.

ಪ್ರಶ್ನೆ: ಸಿಸ್ಟರ್, ಅಪ್ಪನಿಗೆ ನಡೆಯಲಾಗುವುದಿಲ್ಲ. ಆರು ವರ್ಷದಿಂದ ನಾನೇ ನೋಡಿಕೊಳ್ಳುವುದು. ಉಪ್ಪು, ಖಾರ ಆಗುವುದಿಲ್ಲ ಅವರಿಗೆ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಸಪ್ಪೆ ಅಡುಗೆ. ಈಗ ಇಲ್ಲಿಯ ಕ್ಲಬ್ಬಿನ ಇಬ್ಬರು ಪ್ರತಿ ಭಾನುವಾರ ಎರಡು ಗಂಟೆ ಬಂದು ಕೂರುತ್ತೇವೆ ಅಂದಿದ್ದಾರೆ. ಹೊರಗೆ ಹೋಗಲು ಒಂಥರಾ ಆಗುತ್ತದೆ. ಎಲ್ಲಿಗೆ ಹೋಗಲಿ?
— ಸುರತ್ಕಲ್

ಮೊದಲ ಭಾನುವಾರ ರೇಷನ್ ಬೇಡ. ಔಷಧಿ ಅಂಗಡಿ ಬೇಡ. ಬ್ಯಾಂಕಿಗೆ ಹೇಗೂ ರಜೆ. ಎರಡು ಗಂಟೆ ಸಿಕ್ಕಿದ ಎಲ್ಲರೂ ಮಾಡುವುದು ಇದೇ, ಬಾಕಿ ಕೆಲಸಗಳ ಚೀಟಿ ಹಿಡಿದು ಓಡುವುದು. ಆ ಚೀಟಿ ಎರಡನೇ ವಾರಕ್ಕೆ ಇಡಿ. ಹಲ್ಲು ನೋಯುತ್ತಿದ್ದರೆ ಮೂರನೇ ವಾರ ತೋರಿಸಿ. ನಿಮ್ಮದೇ ಹಲ್ಲು, ಅಪ್ಪನದ್ದಲ್ಲ.

ಫೋನ್ ಕೈಯಲ್ಲಿರಲಿ, ಆದರೆ ನೀವಾಗಿ ಮಾಡಬೇಡಿ. ಬೇಕಾದರೆ ಅವರೇ ಮಾಡುತ್ತಾರೆ. ಲೈಟ್‌ಹೌಸ್ ಹತ್ತಿರ ಕಡಲ ಬದಿಗೆ ಹೋಗಿ. ಮಳೆ ಬಂದರೆ ಕೊಡೆ ಇದೆಯಲ್ಲ. ನೀರಿಗೆ ಮಾತ್ರ ಇಳಿಯಬೇಡಿ, ಈ ತಿಂಗಳು ಕಡಲು ಒಳ್ಳೆಯದಲ್ಲ. ಚರುಮುರಿಯವನು ಸಿಕ್ಕಿ ಖಾರ ಎಷ್ಟು ಹಾಕಲಿ ಅಂತ ಕೇಳಿದರೆ ಜಾಸ್ತಿ ಅನ್ನಿ.