ಓದುಗರ ಪ್ರಶ್ನೆ: ಉದ್ಯಾನದ ಮಣ್ಣಿನಲ್ಲಿ ಬೆಳ್ಳಿ ರೂಪಾಯಿ

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಹಳೆಯ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸವಿದೆ. ಇಂಗ್ಲೆಂಡಿನಲ್ಲಿರುವ ಮಗ ಒಂದು ಮೆಟಲ್ ಡಿಟೆಕ್ಟರ್ ತಂದುಕೊಟ್ಟಿದ್ದಾನೆ. ಅಲ್ಲಿಯ ಜನರು ಹೊಲಗಳಲ್ಲಿ ನಡೆದಾಡುತ್ತ ಇದರಿಂದ ಬೆಳ್ಳಿ ನಾಣ್ಯ ಪತ್ತೆಹಚ್ಚುವ ವಿಡಿಯೊಗಳನ್ನೂ ನೋಡಿದ್ದೇನೆ. ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ಹೀಗೆ ಹುಡುಕಬಹುದೇ? ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದೇ? ದಯವಿಟ್ಟು ತಿಳಿಸಿ.
— ಎಸ್. ಎನ್., ಜಯನಗರ

ಉತ್ತರ: ಎರಡೂ ಪ್ರಶ್ನೆಗಳಿಗೆ ನನ್ನ ಉತ್ತರ ಬೇಡವೆಂಬುದೇ ಆಗಿದೆ, ಕಾರಣಗಳನ್ನು ವಿವರವಾಗಿ ಹೇಳುತ್ತೇನೆ. ಈ ಎರಡು ಉದ್ಯಾನಗಳು ತೋಟಗಾರಿಕೆ ಇಲಾಖೆಯ ವಶದಲ್ಲಿವೆ, ಮತ್ತು ಅವುಗಳ ರಕ್ಷಣೆಗೆಂದೇ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದಿತು. ಬಡಾವಣೆಗಳ ಪಾರ್ಕು, ಆಟದ ಮೈದಾನ ಮತ್ತು ಬಯಲುಗಳಿಗಾಗಿ 1985ರ ಮತ್ತೊಂದು ಕಾಯ್ದೆಯಿದೆ. ಸಾರ್ವಜನಿಕರಿಗೆ ತೆರೆದಿರುವ ಜಾಗವೆಂದ ಮಾತ್ರಕ್ಕೆ ಅಲ್ಲಿಯ ನೆಲವನ್ನು ಅಗೆಯುವ ಹಕ್ಕು ನಮಗೆ ಬರುವುದಿಲ್ಲ. ಹುಲ್ಲಿನಡಿಯಲ್ಲಿ ಹನಿ ನೀರಿನ ಪೈಪು, ದೀಪದ ಕಂಬಗಳಿಗೆ ಹೋಗುವ ಕೇಬಲ್ಲು, ಎಲ್ಲಕ್ಕಿಂತ ಮಿಗಿಲಾಗಿ ಹಳೆಯ ಮರಗಳ ಬೇರುಗಳು ಇರುತ್ತವೆ. ನೀರು ಹೀರುವ ಎಳೆಯ ಬೇರುಗಳು ಹೆಚ್ಚಾಗಿರುವುದು ನೀವು ಅಗೆಯಬೇಕೆಂದಿರುವ ಆ ಮೇಲ್ಪದರದಲ್ಲಿಯೇ. ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆಯಂಥ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಅನುಮತಿಯಿಲ್ಲದೆ ಅಗೆಯುವುದು 1958ರ ಕೇಂದ್ರ ಕಾಯ್ದೆಗೆ ವಿರುದ್ಧ.

ಸಿಕ್ಕಿದ್ದನ್ನು ಇಟ್ಟುಕೊಳ್ಳುವ ಮಾತಿಗೆ ಬಂದರೆ, ನಮ್ಮ ರಾಜ್ಯದಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ. ನೆಲದಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕು; ಮುಚ್ಚಿಟ್ಟರೆ ಅದು ಅಪರಾಧ. ಯಾರೋ ನಡೆಯುವಾಗ ಬೀಳಿಸಿಕೊಂಡ ಒಂಟಿ ನಾಣ್ಯವನ್ನು ನಿಧಿ ಎನ್ನಬಹುದೇ ಎಂದು ವಾದಿಸುವವರಿದ್ದಾರೆ. ಆದರೆ ಆ ತೀರ್ಮಾನವನ್ನು ಸಿಕ್ಕವರೇ ತಮ್ಮ ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳುವುದು ಸರಿಯಲ್ಲ.

ನೀವು ನೋಡಿದ ವಿಡಿಯೊಗಳಲ್ಲಿ ಬಹುಶಃ ಹೇಳದೆ ಬಿಟ್ಟ ಸಂಗತಿಯೊಂದಿದೆ. ಇಂಗ್ಲೆಂಡಿನಲ್ಲಿಯೂ ಭೂಮಾಲೀಕರ ಅನುಮತಿಯಿಲ್ಲದೆ ಹುಡುಕುವಂತಿಲ್ಲ, ಪಾರ್ಕಾದರೆ ಅದು ಸ್ಥಳೀಯ ಆಡಳಿತದ ಅನುಮತಿ. 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯದಾದ ಎರಡು ಅಥವಾ ಹೆಚ್ಚು ಚಿನ್ನ, ಬೆಳ್ಳಿ ನಾಣ್ಯಗಳು ಒಂದೇ ಕಡೆ ದೊರೆತರೆ ವರದಿ ಮಾಡುವುದು ಅಲ್ಲಿ ಕಡ್ಡಾಯ. ಉಳಿದ ಪುರಾತನ ವಸ್ತುಗಳನ್ನು ಸಿಕ್ಕ ಜಾಗದ ವಿವರದೊಂದಿಗೆ ದಾಖಲಿಸಲು 1997ರಿಂದ ಪ್ರತ್ಯೇಕ ವ್ಯವಸ್ಥೆಯೂ ಇದೆ. ಅಲ್ಲಿಯ ಹವ್ಯಾಸಿಗಳ ಹುಡುಕಾಟದಿಂದ ಇತಿಹಾಸಕ್ಕೆ ಲಾಭವಾಗಿದ್ದರೆ ಅದು ಯಂತ್ರದಿಂದಲ್ಲ, ಈ ದಾಖಲೆಯಿಂದ.

ದಾಖಲೆಯ ಬೆಲೆ ಏನೆಂಬುದಕ್ಕೆ ನಮ್ಮ ಊರಿನಲ್ಲಿಯೇ ಸಾಕ್ಷಿಯಿದೆ. 1891ರಲ್ಲಿ ಯಶವಂತಪುರದ ಬಳಿ ರೈಲು ಮಾರ್ಗಕ್ಕಾಗಿ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಎಚ್‌ಎಎಲ್ ಪ್ರದೇಶದಲ್ಲಿಯೂ ಅಂಥ ನಾಣ್ಯಗಳು ದೊರೆತವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಹೆಸರಿನ ಆ ನಾಣ್ಯಗಳು ಸಿಕ್ಕ ಜಾಗ ಗೊತ್ತಿರುವುದರಿಂದಲೇ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಡಲಾಚೆಯ ವ್ಯಾಪಾರದ ಹಣ ಈ ಒಳನಾಡಿನವರೆಗೆ ಬಂದಿತ್ತೆಂದು ಇಂದು ನಾವು ಹೇಳಬಲ್ಲೆವು. ಅವುಗಳನ್ನು ಹೆಕ್ಕಿದವರು ಒಂದೊಂದಾಗಿ ಚಿಕ್ಕಪೇಟೆಗೆ ಒಯ್ದು ಕರಗಿಸಿದ್ದರೆ ಕೆಲವು ತೊಲ ಬೆಳ್ಳಿ ಉಳಿಯುತ್ತಿತ್ತೇ ಹೊರತು ಈ ಮಾತು ಉಳಿಯುತ್ತಿರಲಿಲ್ಲ. ಹಂಪಿಯಿಂದ ಹಿಡಿದು ಹಳ್ಳಿಯ ಗುಡಿಗಳವರೆಗೆ ನಿಧಿಗಳ್ಳರು ಬಸವನ ವಿಗ್ರಹದ ಬುಡವನ್ನೂ ಬಿಡದೆ ಅಗೆದು ಮಾಡಿರುವ ಹಾನಿಯನ್ನು ಕಂಡವರಿಗೆ, ಈ ವಿಷಯದಲ್ಲಿ ನಾನೇಕೆ ಇಷ್ಟು ಕಟ್ಟುನಿಟ್ಟಾಗಿ ಬರೆಯುತ್ತೇನೆಂಬುದು ಅರ್ಥವಾದೀತು.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಲಾಲ್‌ಬಾಗನ್ನು ಹೈದರಾಲಿ 1760ರಲ್ಲಿ ಆರಂಭಿಸಿದ, ಕಬ್ಬನ್ ಪಾರ್ಕ್ 1870ರಲ್ಲಿ ರೂಪುಗೊಂಡಿತು. ಅಲ್ಲಿಯ ನೆಲಕ್ಕೆ ಹಳಮೆಯಿದೆ. ಆದರೆ ಬಡಾವಣೆಯ ಪಾರ್ಕುಗಳಲ್ಲಿ ಹುಲ್ಲುಹಾಸಿಗೆಂದು ಲಾರಿಯಲ್ಲಿ ತಂದು ಸುರಿದ ಮಣ್ಣೇ ಹೆಚ್ಚು. ಅಲ್ಲಿ ಹಳೆಯ ನಾಣ್ಯ ಸಿಕ್ಕರೂ ಅದು ಆ ಜಾಗದ ಕಥೆಯನ್ನು ಹೇಳುವುದಿಲ್ಲ.

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ನಮ್ಮದೇ ಸ್ವಂತ ತೋಟವಿದೆ. ಅಲ್ಲಿ ಕಳೆದುಹೋದ ಬೆಳ್ಳಿ ಕಾಲುಚೈನು ಹುಡುಕಲು ಮೆಟಲ್ ಡಿಟೆಕ್ಟರ್ ತಂದರೆ ಅದು ಹೆಜ್ಜೆ ಹೆಜ್ಜೆಗೂ ಕೂಗುತ್ತದೆ. ಅಗೆದರೆ ಏನೂ ಇರುವುದಿಲ್ಲ. ಯಂತ್ರ ಕೆಟ್ಟಿದೆಯೇ?
— ಆರ್. ಜಿ., ಯಲಹಂಕ

ಉತ್ತರ: ಯಂತ್ರ ಕೆಟ್ಟಿರುವ ಸಾಧ್ಯತೆಗಿಂತ ಮಣ್ಣಿನ ಗುಣವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಕೋಲಿನ ತುದಿಯ ಬಳೆಯಾಕಾರದ ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ ಹರಿದು ಕಾಂತಕ್ಷೇತ್ರ ಹುಟ್ಟುತ್ತದೆ. ಅದು ನೆಲದೊಳಗಿನ ಲೋಹದಲ್ಲಿ ಸಣ್ಣ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಪ್ರವಾಹಗಳು ಹುಟ್ಟಿಸುವ ಮರುಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಹೇರಳವಾಗಿರುವುದರಿಂದ ಮಣ್ಣೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ಇದಕ್ಕಾಗಿ ಯಂತ್ರದಲ್ಲಿ ‘ಗ್ರೌಂಡ್ ಬ್ಯಾಲೆನ್ಸ್’ ಎಂಬ ಹೊಂದಾಣಿಕೆಯಿರುತ್ತದೆ. ಲೋಹವಿಲ್ಲದ ಜಾಗವೊಂದನ್ನು ಆರಿಸಿ, ಸುರುಳಿಯನ್ನು ನೆಲಕ್ಕೆ ಸಮಾನಾಂತರವಾಗಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತ ಸದ್ದು ಅಡಗುವವರೆಗೆ ಅದನ್ನು ಸರಿಪಡಿಸಿಕೊಳ್ಳಿ. ಸೂಕ್ಷ್ಮತೆಯನ್ನೂ ಸ್ವಲ್ಪ ತಗ್ಗಿಸಿ.

ಬೆಳ್ಳಿ ಅತ್ಯುತ್ತಮ ವಿದ್ಯುದ್ವಾಹಕವಾದ್ದರಿಂದ ಬೆಳ್ಳಿ ರೂಪಾಯಿಯಂಥ ವಸ್ತುವಿಗೆ ಪರದೆಯ ಮೇಲೆ ದೊಡ್ಡ ಅಂಕಿ ಕಾಣುತ್ತದೆ, ಧ್ವನಿ ತೀಕ್ಷ್ಣವೂ ಸ್ಥಿರವೂ ಆಗಿರುತ್ತದೆ. ಆದರೆ ತಾಮ್ರದ ತಂತಿಯ ತುಂಡು, ಜಜ್ಜಿದ ಅಲ್ಯೂಮಿನಿಯಂ ಡಬ್ಬಿಗಳೂ ಹಾಗೆಯೇ ತೋರುವುದುಂಟು. ಕಾಲುಚೈನಿನ ಮಟ್ಟಿಗೆ ಇನ್ನೊಂದು ತೊಡಕಿದೆ. ಬಿಡಿಬಿಡಿ ಕೊಂಡಿಗಳಿಂದಾದ ವಸ್ತುವಿನಲ್ಲಿ ಪ್ರತಿ ಕೊಂಡಿಯೂ ಪ್ರತ್ಯೇಕವಾಗಿ ಉತ್ತರಿಸುವುದರಿಂದ ಅದರ ಸದ್ದು ನಾಣ್ಯದ್ದಕ್ಕಿಂತ ಬಹಳ ಕ್ಷೀಣ. ಆದ್ದರಿಂದ ಮನೆಯಲ್ಲಿರುವ ಮತ್ತೊಂದು ಕಾಲುಚೈನನ್ನು ಅದೇ ತೋಟದಲ್ಲಿ ಎರಡು ಬೆರಳು ಆಳದಲ್ಲಿ ಹೂತು, ಗುರುತಿಟ್ಟು, ಯಂತ್ರ ಅದಕ್ಕೆ ಹೇಗೆ ಕೂಗುತ್ತದೆಂದು ಮೊದಲು ಕೇಳಿಸಿಕೊಳ್ಳಿ. ರೂಪಾಯಿಯಷ್ಟು ದೊಡ್ಡ ನಾಣ್ಯವೇ ಸಾಧಾರಣ ಯಂತ್ರಗಳಿಗೆ 15ರಿಂದ 20 ಸೆಂಟಿಮೀಟರ್ ಆಳದವರೆಗೆ ಮಾತ್ರ ಸಿಗುತ್ತದೆ. ನಿಮ್ಮದನ್ನು ಮೇಲ್ಮಣ್ಣಿನಲ್ಲಿಯೇ ಹುಡುಕಬೇಕು.

ಪ್ರಶ್ನೆ: ನಮ್ಮ ತಾತನ ಕಾಲದ ಮನೆಯನ್ನು ಕೆಡವಿ ಪಾಯ ತೆಗೆಯುವಾಗ ಸಣ್ಣ ಕುಡಿಕೆಯೊಂದರಲ್ಲಿ ಕಪ್ಪಾಗಿದ್ದ ಕೆಲವು ರೂಪಾಯಿಗಳು ಸಿಕ್ಕಿವೆ. ಕೆಲವದರ ಮೇಲೆ ವಿಕ್ಟೋರಿಯಾ ರಾಣಿಯ ಮುಖ, 1862ರ ಇಸವಿ ಇವೆ. ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಒಂದೊಂದಕ್ಕೂ ಲಕ್ಷಗಟ್ಟಲೆ ಕೊಡಿಸುತ್ತೇನೆಂದು ದಲ್ಲಾಳಿಯೊಬ್ಬರು ಹೇಳುತ್ತಿದ್ದಾರೆ.
— ಕೆ. ವಿ., ಬಸವನಗುಡಿ

ಉತ್ತರ: ದಯವಿಟ್ಟು ತೊಳೆಯಬೇಡಿ. ಆ ಕಪ್ಪು ಬೆಳ್ಳಿಯ ಮೇಲೆ ಗಂಧಕದಿಂದ ಕಟ್ಟಿದ ತೆಳುಪೊರೆ. ಉಜ್ಜಿದರೆ ಪೊರೆಯ ಜೊತೆಗೆ ಅಚ್ಚಿನ ಸೂಕ್ಷ್ಮ ಗೆರೆಗಳೂ ಸವೆದುಹೋಗುತ್ತವೆ, ಮತ್ತು ಹಾಗೆ ಹೊಳಪಿಸಿದ ನಾಣ್ಯವನ್ನು ಅನುಭವಿ ಸಂಗ್ರಾಹಕರು ಕಡೆಗಣಿಸುತ್ತಾರೆ. ಬಿಡಿಬಿಡಿಯಾಗಿ ಕಾಗದದಲ್ಲಿ ಸುತ್ತಿಡಿ, ಕುಡಿಕೆಯ ಚೂರುಗಳನ್ನೂ ಎಸೆಯಬೇಡಿ.

1862ರ ಇಸವಿಯನ್ನು ಕಂಡು ಅಪರೂಪದ್ದೆಂದು ಭಾವಿಸಬೇಕಾಗಿಲ್ಲ. ಅದೇ ಇಸವಿಯ ಅಚ್ಚಿನಲ್ಲಿ 1874ರವರೆಗೂ ನಾಣ್ಯ ಹೊಡೆದರು. ಅದರ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಸಾಮಾನ್ಯ ಸ್ಥಿತಿಯ ಇಂಥ ನಾಣ್ಯಕ್ಕೆ ಲಕ್ಷದ ಮಾತಾಡುವವರನ್ನು ನಂಬಬೇಡಿ. ಮುಂಗಡವಾಗಿ ‘ಪರೀಕ್ಷೆಯ ಖರ್ಚು’ ಕೇಳಿದರಂತೂ ಹಳೆಯ ಲೋಹದ ವಸ್ತುವಿಗೆ ಅಕ್ಕಿಕಾಳು ಸೆಳೆಯುವ ಶಕ್ತಿಯಿದೆಯೆಂದು ನಂಬಿಸಿ ಹಣ ಕೀಳುವ ‘ರೈಸ್ ಪುಲ್ಲಿಂಗ್’ ವಂಚಕರ ದಾರಿಯೇ ಅದು. ನೂರು ವರ್ಷ ದಾಟಿದ ನಾಣ್ಯವು 1972ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ.

ಕುಡಿಕೆಯಲ್ಲಿ ಕೂಡಿಟ್ಟ ಹಣವಾದ್ದರಿಂದ ಇದನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸುವುದು ನಿಮ್ಮ ಕರ್ತವ್ಯ. ತಾತನವರೇ ಇಟ್ಟಿದ್ದೆಂದು ನಿಮ್ಮ ಮನೆತನ ಹಕ್ಕು ಹೇಳುವುದಾದರೆ ಮನೆಯ ಹಳೆಯ ಪತ್ರಗಳನ್ನೂ ಜೊತೆಗಿಡಿ. ಕುಡಿಕೆ ಮನೆಯ ಯಾವ ಮೂಲೆಯಲ್ಲಿತ್ತು, ಎಷ್ಟು ಆಳದಲ್ಲಿತ್ತು, ಹೊಸ್ತಿಲ ಕೆಳಗೋ ಗೋಡೆಯ ಬುಡದಲ್ಲೋ ಎಂಬುದನ್ನು ಕೆಲಸಗಾರರನ್ನು ಕೇಳಿ ಈಗಲೇ ಬರೆದಿಡಿ. ಪಾಯದ ಪೂಜೆಯಲ್ಲಿ ಈಶಾನ್ಯ ಮೂಲೆಗೆ ನವಧಾನ್ಯದೊಂದಿಗೆ ನಾಣ್ಯ ಹಾಕುವ ಪದ್ಧತಿ ನಮ್ಮಲ್ಲಿದೆ. ಹಾಗೆ ಹಾಕಿದ್ದೋ, ಕಷ್ಟಕಾಲಕ್ಕೆಂದು ಬಚ್ಚಿಟ್ಟಿದ್ದೋ ಎಂಬುದು ಆ ಜಾಗದಿಂದಲೇ ತಿಳಿಯಬೇಕು. ಕೆಲಸ ಮುಂದುವರಿದು ಪಾಯ ಪೂರ್ತಿ ಎದ್ದಮೇಲೆ ಅದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲವಾದ್ದರಿಂದ ಒಂದು ನಕ್ಷೆ ಬರೆದು, ಫೋಟೊಗಳೊಂದಿಗೆ ಅರ್ಜಿಗೆ ಲಗತ್ತಿಸಿ.